ಜ್ವರ ಇಳಿದ ಮೇಲೆ ಬಿದ್ದ ಪ್ರವಾಸಿ

ಬೆಳಿಗ್ಗೆ ಏಳು ಗಂಟೆಗೆ ಲಾಡ್ಜಿನ ಮಹಡಿಯಲ್ಲಿ ಪ್ರವಾಸಿಯೊಬ್ಬ ಪ್ರಜ್ಞೆ ತಪ್ಪಿ ಬಿದ್ದಿದ್ದ. ಒಸಡಿನಿಂದ ರಕ್ತ ಬರುತ್ತಿತ್ತು. ಪಕ್ಕದಲ್ಲಿ ಖಾಲಿಯಾದ ಸೂಪಿನ ಬಟ್ಟಲು. ಆಂಬುಲೆನ್ಸ್ ಹೊರಟಿತೋ ಇಲ್ಲವೋ, ಮಾಲೀಕ ಅಡುಗೆಯಾಕೆಯನ್ನು ಊಟದ ಕೋಣೆಯಲ್ಲಿ ಕೂರಿಸಿ ಪೊಲೀಸರಿಗೆ ಫೋನ್ ಮಾಡಿದ.

ಅವನ ವಾದ ನೇರವಾಗಿತ್ತು. ಎರಡು ವಾರದಿಂದ ತಂಗಿದ್ದ ಅತಿಥಿಗೆ ಜ್ವರ ಬಂದಿತ್ತು. ನಿನ್ನೆ ಇಳಿದಿತ್ತು, ಊರಿಗೆ ಹೊರಡಲು ಚೀಲವನ್ನೂ ಕಟ್ಟಿದ್ದ. ಗುಣವಾದವನು ಸೂಪ್ ಕುಡಿದು ಬಿದ್ದನೆಂದರೆ ಅದು ವಿಷವೇ. ತಪ್ಪೊಪ್ಪಿಕೊಂಡರೆ ಪೊಲೀಸರ ಹತ್ತಿರ ತಾನೇ ಮಾತಾಡುವುದಾಗಿ ಆಕೆಗೆ ಹೇಳಿದ.

"ಉಪ್ಪು ಜಾಸ್ತಿ ಆಗಿತ್ತು, ಅದನ್ನ ಒಪ್ಕೋತೀನಿ," ಎಂದಳು ಆಕೆ. "ವಿಷ ಹಾಕಿದೆ ಅಂತ ಮಾತ್ರ ನನ್ನ ಬಾಯಿಂದ ಬರಲ್ಲ. ಕರೀರಿ, ಯಾರನ್ನ ಬೇಕಾದ್ರೂ."

ನನ್ನ ಸೋದರತ್ತೆ ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಮೇಲೆ ಆ ಲಾಡ್ಜಿನ ಕೆಳಮಹಡಿಯಲ್ಲೇ ಬಾಡಿಗೆಗಿದ್ದರು; ನಾನು ಅವರ ಜೊತೆಗಿದ್ದೆ. ಅದೇ ಪಾತ್ರೆಯ ಸೂಪನ್ನು ನಾವೂ ಕುಡಿದಿದ್ದೆವು. ಅತ್ತೆ ಮಹಡಿ ಹತ್ತಿದರು, ನಾನು ಹಿಂಬಾಲಿಸಿದೆ.

ಪ್ರವಾಸಿಯ ದಿಂಬಿನಡಿ ನೋವಿನ ಮಾತ್ರೆಗಳ ಖಾಲಿ ಪಟ್ಟಿ ಸಿಕ್ಕಿತು. ಅಂಥವೇ ಪಟ್ಟಿಗಳು ಮಾಲೀಕನ ಕೌಂಟರಿನ ಡ್ರಾಯರಿನಲ್ಲಿದ್ದುದನ್ನು ನಾನು ಕಂಡಿದ್ದೆ. ಅಕ್ಕಪಕ್ಕದ ಕೋಣೆಗಳಿಗೆ ಬೀಗ. ತೆಗೆಸಿದರೆ, ಬಚ್ಚಲಲ್ಲಿ ಅಂಚಿನವರೆಗೆ ತುಂಬಿದ ಬಕೆಟ್‌ಗಳು. ಬಂದ ಕೂಡಲೇ ಅತಿಥಿ ನೀರಿಲ್ಲ ಎನ್ನಬಾರದೆಂದು ಖಾಲಿ ಕೋಣೆಯಲ್ಲೂ ನೀರು ತುಂಬಿಡುವುದು ಅಲ್ಲಿನ ಪದ್ಧತಿ. ಅತ್ತೆ ಟಾರ್ಚ್ ಹಾಯಿಸಿದರು. ನೀರಿನಲ್ಲಿ ಸೊಳ್ಳೆಮರಿಗಳು ತಲೆಕೆಳಗಾಗಿ ತೂಗುತ್ತಿದ್ದವು. ಅತ್ತೆ ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರೊಂದಿಗೆ ಬಹಳ ಹೊತ್ತು ಮಾತಾಡಿದರು.

ಇನ್‌ಸ್ಪೆಕ್ಟರ್ ಬಂದ ಮೇಲೆ ಅತ್ತೆ ಎಲ್ಲರನ್ನೂ ಊಟದ ಕೋಣೆಗೆ ಕರೆಸಿದರು.

"ವಿಷವಾಗಿದ್ರೆ ನಾವಿಬ್ಬರೂ ಇಷ್ಟೊತ್ತಿಗೆ ಇಲ್ಲಿ ಕೂತು ಹರಟುತ್ತಿರಲಿಲ್ಲ," ಎಂದರು. "ರಕ್ತಪರೀಕ್ಷೆ ಆಗಿದೆ. ಡೆಂಗಿ. ಇದರಲ್ಲಿ ಜ್ವರ ಇಳಿದ್ರೆ ಗುಣವಾಯ್ತು ಅಂತಲ್ಲ. ಕೆಲವರಿಗೆ ಅಪಾಯ ಶುರುವಾಗೋದೇ ಆಗ. ಹೊಟ್ಟೆನೋವು, ವಾಂತಿ, ಒಸಡಲ್ಲಿ ರಕ್ತ ಕಂಡ್ರೆ ಓಡಬೇಕಾದ್ದು ಆಸ್ಪತ್ರೆಗೆ, ಬಸ್ ನಿಲ್ದಾಣಕ್ಕಲ್ಲ."

ಆ ಜಾತಿಯ ನೋವಿನ ಮಾತ್ರೆ ಡೆಂಗಿಯಲ್ಲಿ ರಕ್ತಸ್ರಾವವನ್ನು ಹೆಚ್ಚಿಸಬಹುದೆಂದು ಡಾಕ್ಟರ್ ಹೇಳಿದ್ದನ್ನೂ ಅತ್ತೆ ವಿವರಿಸಿದರು.

"ಮೈಕೈ ನೋವು ಅಂದ, ಕೊಟ್ಟೆ. ನನಗೇನು ಗೊತ್ತು?" ಎಂದ ಮಾಲೀಕ.

"ಡೆಂಗಿ ಇರಬಹುದು ಅಂತ ಗೊತ್ತಿತ್ತು. ಹೋದ ತಿಂಗಳು ಅದೇ ಕೋಣೆಯ ಅತಿಥಿಗೆ ಡೆಂಗಿ ಬಂದಾಗ, ನೀರು ಚೆಲ್ಲಿಸಿ ಅಂತ ಇದೇ ಡಾಕ್ಟರ್ ನಿಮಗೆ ಹೇಳಿದ್ರು. ನೀವು ಚೆಲ್ಲಿಸಲಿಲ್ಲ. ಆಸ್ಪತ್ರೆಗೆ ಹೋಗ್ತೀನಿ ಅಂದ ಈ ಮನುಷ್ಯನನ್ನೂ ತಡೆದ್ರಿ. ಎಚ್ಚರವಾದ ಮೇಲೆ ಅವರೇ ಡಾಕ್ಟರಿಗೆ ಹೇಳಿದ್ದಾರೆ. ಡೆಂಗಿ ಅಂದ್ರೆ ಲಾಡ್ಜಿಗೆ ಕೆಟ್ಟ ಹೆಸರು, ವಿಷ ಅಂದ್ರೆ ಅಡುಗೆಯವಳಿಗೆ. ಅದಕ್ಕೇ ಡಾಕ್ಟರು ಬಾಯಿ ಬಿಡೋ ಮೊದಲೇ ಪೊಲೀಸರಿಗೆ ಫೋನು."

ಅಡುಗೆಯಾಕೆ ಏಪ್ರನ್ ಬಿಚ್ಚಿ ಮಾಲೀಕನ ಮುಂದಿಟ್ಟಳು.

"ಇನ್ನು ಬಕೆಟ್ ಚೆಲ್ಲೋಕೂ ನನ್ನನ್ನ ಕರೀಬೇಡಿ."

ಪ್ರವಾಸಿ ಬದುಕಿದ. ಆರೋಗ್ಯ ಇಲಾಖೆ ಲಾಡ್ಜಿಗೆ ಬೀಗ ಹಾಕಿತು. ಆ ವಾರವೇ ಅಡುಗೆಯಾಕೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿದಳು.