ಎಡಗೆನ್ನೆಯ ಬಿರುಕು

ಮೊದಲ ದಿನವೇ ವೆಂಡೆಲ್ ಅವಳನ್ನು "ಮಿಸ್ ಬರ್ರಿಗಾ" ಎಂದು ಕರೆದ.

ಇರ್ಮಾಳ ಮನೆತನದ ಹೆಸರು ಬರ್ರಗಾನ್. ಬರ್ರಿಗಾ ಅಂದರೆ ಅವಳ ಮನೆಯ ಸ್ಪ್ಯಾನಿಷ್‌ನಲ್ಲಿ ಹೊಟ್ಟೆ. ಬೆಳಗಿನ ಏಳು ಗಂಟೆಗೆ, ಕೈಯಲ್ಲಿ ಕಾಫಿ ಹಿಡಿದುಕೊಂಡು, ಆರಡಿಯ ಗಂಡಸೊಬ್ಬ ಬಂದು "ಗುಡ್ ಮಾರ್ನಿಂಗ್, ಮಿಸ್ ಹೊಟ್ಟೆ" ಅಂದರೆ ಯಾವ ಹುಡುಗಿಗೆ ಕೋಪ ಬರುವುದಿಲ್ಲ? ಇವನು ಬೇಕಂತಲೇ ಅಂದದ್ದು ಎಂದು ಅವಳು ಅವತ್ತೇ ತೀರ್ಮಾನಿಸಿದಳು.

ಆದರೂ ಆ ಮುಖವನ್ನು ದಿನಕ್ಕೆ ನಾಲ್ಕು ಗಂಟೆ ಮುಟ್ಟಲೇಬೇಕಿತ್ತು. ಇರ್ಮಾ ಸಿನಿಮಾ ಸ್ಟುಡಿಯೋದ ಮೇಕಪ್ ಸಹಾಯಕಿ, ವೆಂಡೆಲ್ ಅಲ್ಲಿ ತಯಾರಾಗುತ್ತಿದ್ದ ಚಿತ್ರದ ತೋಳಮನುಷ್ಯ. ಕೆನ್ನೆ, ಮೂಗಿಗೆ ತೆಳ್ಳನೆಯ ರಬ್ಬರ್ ಪದರ; ಅದರ ಮೇಲೆ ಇರ್ಮಾ ಚಮರೀಮೃಗದ ಕೂದಲನ್ನು ಎಳೆ ಎಳೆಯಾಗಿ ಗೋಂದಿನಲ್ಲಿ ಅಂಟಿಸುತ್ತಿದ್ದಳು. ಅಷ್ಟು ಹೊತ್ತೂ ಅವನು ಕಣ್ಣು ಮುಚ್ಚಿ ಕೂತಿರುತ್ತಿದ್ದ. ಒಮ್ಮೊಮ್ಮೆ ಒಂದು ಕಣ್ಣನ್ನು ಮಾತ್ರ ತೆರೆದು ಅವಳನ್ನು ನೋಡುತ್ತಿದ್ದ. ಸಿಕ್ಕಿಬಿದ್ದ ಕೂಡಲೇ ಮುಚ್ಚಿಕೊಳ್ಳುತ್ತಿದ್ದ. ಆ ಕಂದು ಕಣ್ಣಿಗಾಗಿ ತಾನು ಕಾಯುತ್ತಿದ್ದೇನೆ ಎಂಬುದು ಇರ್ಮಾಗೆ ಎರಡನೇ ವಾರ ಗೊತ್ತಾಯಿತು. ಗೊತ್ತಾಗಿ ಇನ್ನಷ್ಟು ಸಿಡುಕತೊಡಗಿದಳು.

ಅದು ಹಾಸ್ಯಚಿತ್ರ. ಇಬ್ಬರು ಕೋಡಂಗಿಗಳು ದೆವ್ವದ ಕೋಟೆಗೆ ಬಂದು ಕಿರುಚುತ್ತಾ ಓಡಬೇಕು, ನೋಡುವವರು ನಗಬೇಕು. ತೋಳ ಮಾತ್ರ ನಗುವ ಹಾಗಿಲ್ಲ. ನಕ್ಕರೆ ರಬ್ಬರ್ ಬಿರಿಯುತ್ತದೆ, ರಿಪೇರಿಗೆ ಎರಡು ಗಂಟೆ, ಅಷ್ಟೂ ಹೊತ್ತು ಶೂಟಿಂಗ್ ಬಂದ್.

ಬಿರುಕು ಮೂರನೇ ವಾರ ಶುರುವಾಯಿತು. ದಿನಾ ಊಟದ ನಂತರ. ದಿನಾ ಎಡಗೆನ್ನೆಯಲ್ಲೇ.

ಮೇಕಪ್ ಮುಖ್ಯಸ್ಥ ಹಾಲ್ಬರ್ಟ್ ಅವಳ ಗೋಂದಿನ ಬಾಟಲಿ ಎತ್ತಿ ಮೂಸಿ ನೋಡಿದ. ಇನ್ನೊಂದು ಸಲ ಬಿರಿದರೆ ಮತ್ತೆ ವಿಗ್ ತೊಳೆಯುವ ಕೋಣೆಗೇ ಹೋಗಬೇಕಾಗುತ್ತದೆ ಅಂದ. ಆ ಕೋಣೆಯಲ್ಲಿ ಇರ್ಮಾ ಆರು ವರ್ಷ ಕಳೆದಿದ್ದಳು. ಮೇಕಪ್ ಕುರ್ಚಿಯ ಪಕ್ಕ ನಿಲ್ಲುವ ಅವಕಾಶ ಸಿಕ್ಕಿದ್ದು ಇದೇ ಮೊದಲು.

"ಊಟದ ಹೊತ್ತಲ್ಲಿ ಏನು ಮಾಡ್ತೀರಿ?" ಎಂದು ಅವಳು ತೋಳವನ್ನು ಕೇಳಿದಳು.

"ಸೂಪ್ ಕುಡೀತೀನಿ. ಸ್ಟ್ರಾದಲ್ಲಿ."

"ಸೂಪ್ ಕುಡಿದರೆ ಕೆನ್ನೆ ಬಿರಿಯುತ್ತಾ?"

ಅವನು ಎರಡೂ ಕಣ್ಣು ಮುಚ್ಚಿಕೊಂಡ.

ಗೋಂದು ಸರಿಯಾಗಿದೆ ಎಂದು ಅವಳಿಗೆ ಗೊತ್ತು. ಹಾಗಾದರೆ ಇವನು ನಗುತ್ತಿದ್ದಾನೆ. ಯಾರ ಜೊತೆ? ಉತ್ತರ ಅವತ್ತೇ ಸಿಕ್ಕಿತು. ಪ್ರತಿ ಶಾಟ್‌ನ ವಿವರ ಬರೆದುಕೊಳ್ಳುವ ಪಾಲೀನ್‌ಳ ನೀಲಿ ಸ್ವೆಟರಿನ ಮೇಲೆ ಐದಾರು ಕಂದು ಕೂದಲು. ಮನುಷ್ಯರ ಕೂದಲಲ್ಲ. ಇರ್ಮಾ ತಾನೇ ಬಾಚಿ, ಬಣ್ಣ ಹಾಕಿ, ಇವನ ಮುಖಕ್ಕೆ ಅಂಟಿಸಿದ ಕೂದಲು.

"ನಿಮ್ಮ ಬೆಕ್ಕು ತುಂಬಾ ಕೂದಲು ಉದುರಿಸುತ್ತೆ ಅನ್ಸುತ್ತೆ" ಅಂದಳು.

"ನಾನು ಬೆಕ್ಕು ಸಾಕಿಲ್ವಲ್ಲ" ಎಂದ ಪಾಲೀನ್ ಭುಜ ನೋಡಿಕೊಂಡು ಕೆಂಪಾದಳು.

ಮರುದಿನ ಕ್ಯಾಂಟೀನಿನಲ್ಲಿ ರಕ್ತಪಿಶಾಚಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಬ್ಯಾಂಡೇಜ್ ಸುತ್ತಿಕೊಂಡ ಈಜಿಪ್ಟಿನ ಮಮ್ಮಿ ಉಪ್ಪು ಕೇಳುತ್ತಿದ್ದ. ತೋಳ ಇರಲಿಲ್ಲ, ಪಾಲೀನ್ ಇರಲಿಲ್ಲ. ಇರ್ಮಾ ತಟ್ಟೆ ಬಿಟ್ಟು ಎದ್ದಳು.

ಪ್ಲೈವುಡ್ ಕೋಟೆಯ ಮೆಟ್ಟಿಲ ಹಿಂದೆ ಇಬ್ಬರೂ ಕೂತಿದ್ದರು. ನಡುವೆ ಒಂದು ಗಜ ಜಾಗ. ಪಾಲೀನ್ ಪೆನ್ಸಿಲ್ಲಿನಿಂದ ಮೊಣಕಾಲಿಗೆ ತಾಳ ಹಾಕುತ್ತಾ, "ನಾಲಿಗೆ ಮೇಲೆ ತಗೊಳ್ಳಿ. ಇನ್ನೊಂದ್ಸಲ" ಎನ್ನುತ್ತಿದ್ದಳು.

"ಬರ್... ಬರ್‌ರ್‌ರ್..." ತೋಳದ ಬಾಯಿ ಎಡಕ್ಕೆ ಸೊಟ್ಟಗಾಯಿತು. ನಾಲ್ಕು ಕೂದಲು ಹಾರಿ ನೀಲಿ ಸ್ವೆಟರಿನ ಮೇಲೆ ಕೂತವು. "ಬರ್‌ರ್‌ರಗಾನ್."

ಕೆನ್ನೆ ಬಿರಿದ ಸದ್ದು ಇರ್ಮಾಗೆ ಕೇಳಿಸಿತು.

ಅವಳನ್ನು ಮೊದಲು ನೋಡಿದ್ದು ಪಾಲೀನ್. ತಾನು ಹುಟ್ಟಿದ್ದು ಮೆಕ್ಸಿಕೋ ಗಡಿಯ ಊರಲ್ಲಿ, ಸ್ಪ್ಯಾನಿಷ್ ಬರುತ್ತದೆ, ಹೆಸರು ಹೇಳಿಕೊಡಿ ಎಂದು ಇವರು ಬಂದು ಗೋಗರೆದರು, ಬೇರೇನಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಎದ್ದು ಹೋದಳು.

"ಬರ್ರಿಗಾ ಅಂದ್ರೆ ಏನು ಅಂತ ಅವರೇ ಹೇಳಿದ್ದು" ಅಂದ ವೆಂಡೆಲ್. "ಎರಡು ವಾರ ನಿಮ್ಮನ್ನ ಹೊಟ್ಟೆ ಅಂತ ಕರೆದಿದ್ದೀನಿ. ನಿಮ್ಮಪ್ಪನ ಮುಂದೆ ನಿಂತು ಮಾತಾಡೋ ದಿನ ಬಂದ್ರೆ, ಹೆಸರಾದ್ರೂ ಸರಿಯಾಗಿ ಹೇಳಬೇಕಲ್ಲ."

ಅಪ್ಪನ ಮಾತು ಯಾಕೆ ಬಂತು ಎಂದು ಇರ್ಮಾಗೆ ಅರ್ಥವಾಯಿತು. ಆದರೆ ಅವಳು ಕರಗಲಿಲ್ಲ.

"ನಿಮ್ಮ ನಾಲಿಗೆ ಹೊರಳಲಿ ಅಂತ ನನ್ನ ಕೆಲಸ ಹೋಗಬೇಕಾ? ಹಾಲ್ಬರ್ಟ್ ನನ್ನ ಗೋಂದು ಮೂಸಿ ನೋಡ್ತಾನೆ. ನೀವು ಬಾಯಿ ಮುಚ್ಚಿಕೊಂಡು ಕೂತಿದ್ರಿ."

ಕೂದಲಿನ ನಡುವೆ ಅವನ ಕಣ್ಣು ಕೆಳಗಿಳಿಯಿತು. ಅದು ಅವನಿಗೆ ಹೊಳೆದೇ ಇರಲಿಲ್ಲ. ಹೊಳೆಯದೇ ಇದ್ದದ್ದಕ್ಕೇ ಅವಳಿಗೆ ಹೆಚ್ಚು ಕೋಪ.

ಅವನು ಅಲ್ಲಿಂದ ನೇರ ಹಾಲ್ಬರ್ಟ್ ಹತ್ತಿರ ಹೋದ. ಜೋಲುತ್ತಿದ್ದ ಕೆನ್ನೆಯನ್ನು ಎಲ್ಲರೆದುರು ಬೆರಳಲ್ಲಿ ಎತ್ತಿ ಹಿಡಿದು, ಇಷ್ಟು ದಿನದ ಬಿರುಕೆಲ್ಲ ತನ್ನದು, ಹುಡುಗಿಯ ಗೋಂದಿನದಲ್ಲ ಅಂದ. ಹಾಲ್ಬರ್ಟ್ ಅವನಿಗೆ ಬೈದದ್ದು ಮುಂದಿನ ಸೆಟ್ಟಿಗೂ ಕೇಳಿಸಿತಂತೆ. ವಿಗ್ ಕೋಣೆಯ ಮಾತು ಮತ್ತೆ ಬರಲಿಲ್ಲ.

ಆಮೇಲಿನ ಒಂಬತ್ತು ದಿನ ತೋಳ ತುಟಿ ಬಿಚ್ಚಲಿಲ್ಲ. ಕೆನ್ನೆಯಲ್ಲಿ ಒಂದು ಗೆರೆಯೂ ಬೀಳಲಿಲ್ಲ. ಇರ್ಮಾ ದಿನಾ ಊಟದ ನಂತರ ಆ ಎಡಗೆನ್ನೆಯನ್ನು ಪರೀಕ್ಷಿಸುತ್ತಿದ್ದಳು. ಬಿರುಕು ಸಿಗದಿದ್ದಾಗ ಯಾಕೋ ಬೇಸರವಾಗುತ್ತಿತ್ತು.

ಕೊನೆಯ ಶಾಟ್ ಮುಗಿದ ಮಧ್ಯಾಹ್ನ ಅವನು ಬಂದು ಕುರ್ಚಿಯಲ್ಲಿ ಕೂತ. ಮುಖ ಬಿಡಿಸಲು ಅವಳು ಎಣ್ಣೆಯ ಬಾಟಲಿ ತೆಗೆದಳು. ಮತ್ತೆ ಅಲ್ಲೇ ಇಟ್ಟಳು.

"ನನ್ನ ಹೆಸರು ಹೇಳಿ."

ಅವನು ಅನುಮಾನದಿಂದ ಒಂದು ಕಣ್ಣು ತೆರೆದ. "ರಬ್ಬರ್ ಬಿರಿಯುತ್ತೆ."

"ಬಿರೀಲಿ."

"ಬರ್‌ರ್‌ರಗಾನ್" ಅಂದ ಅವನು. ಎಡಗೆನ್ನೆ ಕಿವಿಯಿಂದ ಗಲ್ಲದವರೆಗೆ ಸೀಳಿಹೋಯಿತು. ಅದರೊಳಗಿಂದ ಬೆವೆತ, ಕೆಂಪಾದ, ಮನುಷ್ಯನ ಕೆನ್ನೆ ಕಾಣಿಸಿತು.

ಇರ್ಮಾ ಸೀಳಿನೊಳಗೆ ಬೆರಳು ಹಾಕಿ ರಬ್ಬರನ್ನು ಮೆಲ್ಲಗೆ ಸುಲಿದಳು.

"ಭಾನುವಾರ, ಚರ್ಚ್ ಮುಗಿದ ಮೇಲೆ ಬಾ" ಅಂದಳು. "ಅಪ್ಪ ಮನೆಯಲ್ಲೇ ಇರ್ತಾರೆ."