ಬೀಚನಹಳ್ಳಿ ರಸ್ತೆಯ ಕೆಂಪು ಬಾವುಟ

ಮೊದಲ ದಿನವೇ ಮುತ್ತ ನನ್ನ ಕೈಲಿ ಚೆನ್ನಾಗಿ ಬೈಸಿಕೊಂಡ. ತಪ್ಪು ಅವನದೇ, ನಾನೇನೂ ಸುಮ್ಮಸುಮ್ಮನೆ ಬಾಯಿ ಮಾಡುವವಳಲ್ಲ.

ಅಣೆಕಟ್ಟೆ ಕೆಲಸಕ್ಕೆ ಕಲ್ಲು ಸಾಗಿಸುವ ಟಿಪ್ಪರ್‌ಗಳು ಬೀಚನಹಳ್ಳಿ ರಸ್ತೆಯಲ್ಲಿ ಹಗಲಿಡೀ ಓಡುತ್ತಿದ್ದ ಕಾಲ. ರಸ್ತೆಯ ಈಚೆ ನಮ್ಮ ಕಾಡಿನ ಜನರ ಹಾಡಿ ಮತ್ತು ಕೂಲಿಯವರ ಲೈನ್‌ಮನೆಗಳು, ಆಚೆ ಪ್ರೈಮರಿ ಶಾಲೆ. ಹಾಡಿಯ, ಲೈನ್‌ಮನೆಗಳ ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಬಿಟ್ಟು ಸಂಜೆ ಕರೆತರುವುದು ನನ್ನ ಕೆಲಸ. ಟಿಪ್ಪರ್‌ನವರು ನನ್ನ ಕೈಗೂ ನಿಲ್ಲುತ್ತಿರಲಿಲ್ಲ, ಕೂಗಿಗೂ ನಿಲ್ಲುತ್ತಿರಲಿಲ್ಲ. ಹೆಡ್‌ಮಾಸ್ಟರ್ ಚನ್ನಬಸವಣ್ಣನವರು ಅರ್ಜಿಯ ಮೇಲೆ ಅರ್ಜಿ ಬರೆದರು. ಕೊನೆಗೊಂದು ದಿನ ಒಬ್ಬ ಬಾವುಟದವನು ಬಂದ. ಖಾಕಿ ಚಡ್ಡಿ, ಎಣ್ಣೆ ಹಚ್ಚಿ ಬಾಚಿದ ತಲೆ, ಒಂದು ಕೈಯಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು. ಅವನೇ ಮುತ್ತ.

ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಪುಣ್ಯಾತ್ಮ ನಮ್ಮ ಕಡೆ ತಿರುಗಿ ನಗುತ್ತಾ ಹಸಿರು ಬಾವುಟ ಎತ್ತಿದ. ಮಕ್ಕಳು ದಾಟಲಿ ಅಂತ! ಕೆಂಪಿಗೆ ನಿಂತಿದ್ದ ಟಿಪ್ಪರ್‌ನವನೂ ಅದೇ ಹಸಿರು ನೋಡಿ ಗೇರು ಹಾಕಿದ. ಮುಂದೆ ಹೆಜ್ಜೆ ಇಟ್ಟಿದ್ದ ಹುಡುಗಿಯ ಜಡೆ ಹಿಡಿದು ಎಳೆದುಕೊಂಡೆ.

"ಏನೋ, ಕಣ್ಣು ಮನೇಲಿ ಮಡಗಿ ಬಂದಿದ್ದೀಯಾ? ಹಸುರು ಯಾರಿಗೆ ತೋರ್ಸಿದ್ದು?"

"ನಿಮ್ಗೆ ಕಣವ್ವ. ಮಕ್ಳು ದಾಟ್ಲಿ ಅಂತ..."

"ನಮ್ಗೆ ಬಾಯಲ್ಲಿ ಏಳಿದ್ರೆ ಸಾಕು. ಬಾವುಟ ಇರೋದು ಲಾರಿಗೆ! ಕೆಂಪು ಇಡ್ಕಂಡು ಅತ್ಲಾಗೆ ತಿರಿಕ್ಕಂಡು ನಿಂತ್ಕ. ನಮ್ ಕಡೆ ನೋಡ್ಲೇಬ್ಯಾಡ."

ಅವನು ಆ ಮಾತನ್ನು ಹಾಗೇ ಪಾಲಿಸಿದ. ಒಂದು ತಿಂಗಳು ನಮಗೆ ಕಂಡದ್ದು ಅವನ ಬೆನ್ನು ಮಾತ್ರ. ನೋಡಬೇಡ ಅಂದವಳು ನಾನೇ, ನೋಡಲಿಲ್ಲ ಅಂತ ಉರಿದುಕೊಂಡವಳೂ ನಾನೇ. ಒಂದು ಸಲ ತಿರುಗಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಒಂದು ಸಂಜೆ ಕೊನೆಯ ಮಗುವಿನ ಹಿಂದೆ ದಾಟುತ್ತಿದ್ದೆ. ತಲೆ ತಿರುಗಿಸದೆಯೇ ಕೇಳಿದ:

"ಇವತ್ತು ಯಾಕೆ ಊವ ಮುಡ್ದಿಲ್ಲ?"

"ಬೆನ್ನಲ್ಲೂ ಕಣ್ಣೈತಾ ನಿಂಗೆ?"

"ಲಾರಿ ಗಾಜೈತಲ್ಲ. ಅದ್ರಲ್ಲಿ ದಿನಾ ನೋಡ್ತೀನಿ."

ಅಯ್ಯೋ, ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ! ಕಿವಿಯವರೆಗೂ ಬಿಸಿಯಾಯಿತು. ಡ್ರೈವರ್ ಮೇಲಿಂದ ನೋಡಿ ಕಿಸಕ್ಕನೆ ನಕ್ಕ. ಮಾರನೇ ದಿನ ಎರಡು ಹೂವು ಹೆಚ್ಚಿಗೇ ಮುಡಿದು ಹೋದೆ.

ಆಮೇಲೆ ಬೆಳಿಗ್ಗೆ ಒಂದು ಮಾತು, ಸಂಜೆ ಒಂದು ಮಾತು. ರಸ್ತೆ ದಾಟುವಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲೇ ಒಂದು ವರ್ಷ ಕಳೆಯಿತು. ಅವನಿಲ್ಲದೆ ನನಗೆ ಆಗುವುದಿಲ್ಲ ಅನ್ನುವುದು ನನಗೂ ಗೊತ್ತಾಯಿತು, ಅವನಿಗೂ ಗೊತ್ತಾಯಿತು.

ಅಷ್ಟು ಹೊತ್ತಿಗೆ ನಮ್ಮ ಹಾಡಿ ಮುಳುಗಡೆಗೆ ಸೇರಿತು ಅಂತ ನೋಟೀಸು ಬಂತು. ಶಿವರಾತ್ರಿ ಕಳೆದ ಮೇಲೆ ಎಲ್ಲರನ್ನೂ ಲಾರಿಯಲ್ಲಿ ಹುಣಸೂರಿನ ಆಚೆ ಕೊಂಡೊಯ್ಯುತ್ತಾರಂತೆ. ಮುತ್ತನ ಹಾಡಿ ಬಳ್ಳೆ ಕಡೆ, ಕಾಡೊಳಗೆ. ಅದು ಮುಳುಗುವುದಿಲ್ಲ.

"ಮದ್ವೆ ಆದ್ರೆ ನೀನು ನಮ್ ಹಾಡಿಯೋಳು. ಯಾವ ಲಾರಿ ಎತ್ಕಂಡೋದಾತು ನಿನ್ನ?" ಅಂದ. "ಬಾನುವಾರ ನಮ್ಮ ಹಿರೀಕರ್ನ ಕರ್ಕಂಡು ಬತ್ತೀನಿ."

ಆ ವಾರವೆಲ್ಲ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಶುಕ್ರವಾರ ಸಂಜೆ ಮೊಮ್ಮಗನನ್ನು ಕರೆದೊಯ್ಯಲು ಕುಳ್ಳಮ್ಮಜ್ಜಿ ಬಂದಳು. ನಮ್ಮ ಹಾಡಿಯಲ್ಲಿ ಎಲ್ಲರಿಗಿಂತ ಹಿರಿಯಳು, ಯಾರು ಯಾರಿಗೆ ಏನಾಗಬೇಕು ಅಂತ ಲೆಕ್ಕ ಹಾಕುವುದೇ ಅವಳ ಉದ್ಯೋಗ. ಮುತ್ತನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರ್ ಮಗ್ನೋ ನೀನು?"

"ಬಳ್ಳೆ ಕಡೆ ಚಿಕ್ಕಬೊಮ್ಮನ ಮಗ ಕಣಜ್ಜಿ."

"ಅಯ್ಯೋ ನನ್ ಮಗ್ನೆ! ಚಿಕ್ಕಬೊಮ್ಮಂಗೂ ಇವ್ಳಪ್ಪ ಈರಂಗೂ ಒಂದೇ ಕುಲ. ಒಂದೇ ಗುಡೀಲಿ ಪೂಜೆ ಮಾಡ್ತಿದ್ದೋರು." ನನ್ನ ಕಡೆ ತಿರುಗಿದಳು. "ಲೇ ಬೆಳ್ಳಿ, ನಿಮ್ಮಪ್ಪಂಗೆ ಇವ್ರಪ್ಪ ಅಣ್ಣನ ವರಸೆ. ಇವ್ನು ನಿಂಗೆ ಅಣ್ಣ ಆಯ್ತಾನೆ ಕಣೇ. ಅಣ್ಣಾ ಅನ್ನು!"

ಆ ಮುದುಕಿಯ ನಾಲಿಗೆ ಸೇದಿಹೋಗಬಾರದಿತ್ತೇ ಅಂದುಕೊಂಡೆ. ಆದರೆ ಅವಳದೇನು ತಪ್ಪು? ಕುಲ ಯಾವುದು ಅಂತ ನಾವು ಮೊದಲೇ ಕೇಳಿಕೊಳ್ಳಬೇಕಿತ್ತು. ಒಂದು ವರ್ಷ ಏನೇನೋ ಮಾತಾಡಿದೆವು, ಅದೊಂದನ್ನು ಬಿಟ್ಟು. ಏನು ಉತ್ತರ ಬರುತ್ತದೋ ಅನ್ನುವ ಹೆದರಿಕೆ ಇಬ್ಬರಿಗೂ ಇತ್ತು ಅಂತ ಈಗ ಅನ್ನಿಸುತ್ತದೆ.

ಮುತ್ತನ ಮುಖ ಸುಣ್ಣವಾಗಿತ್ತು. ನಾನು ಅಣ್ಣ ಅನ್ನಲಿಲ್ಲ. ಮನೆಯಲ್ಲಿ ಅಪ್ಪ ಹೇಳಿದ, ಅವ್ವ ಹೇಳಿದಳು, ಹಾಡಿಗೆ ಹಾಡಿಯೇ ಹೇಳಿತು. ಸತ್ತರೂ ಅನ್ನುವುದಿಲ್ಲ ಅಂದೆ.

ಭಾನುವಾರ ಯಾರೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ಮಕ್ಕಳನ್ನು ಒಳಗೆ ಬಿಟ್ಟು ಸೀದಾ ಅವನ ಮುಂದೆ ಹೋಗಿ ನಿಂತೆ.

"ಓಡೋಗವ ಬಾ. ಎಷ್ಟು ಜನ ಕಾಡಿಗೆ ಓಡೋಗಿ ಜೋಡಿಯಾಗಿ ಬಂದಿಲ್ಲ?"

"ಅವ್ರು ಬ್ಯಾರೆ ಬ್ಯಾರೆ ಕುಲದೋರು. ನಾಕು ದಿನ ಬೈದು ಸೇರಿಸ್ಕತ್ತಾರೆ. ನಾವು ಓಡೋದ್ರೆ ನಿಮ್ಮಪ್ಪನ ಮನೇಲಿ ಯಾರೂ ನೀರು ಕುಡಿಯಾಕಿಲ್ಲ. ನಿನ್ ತಂಗೀನ ಯಾರೂ ಮದ್ವೆ ಆಗಾಕಿಲ್ಲ. ಒಸಾ ಜಾಗ್ದಲ್ಲಿ ಅವ್ರು ಯಾರ ಮಕ ನೋಡ್ಕಂಡು ಬದುಕ್ತಾರೆ ಬೆಳ್ಳಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನು ಹೇಳಿದ್ದೆಲ್ಲ ನಿಜವಾಗಿತ್ತು, ಸಿಟ್ಟು ಅದಕ್ಕೇ. "ಏಡಿ," ಅಂತ ಬೈದು ಬಂದುಬಿಟ್ಟೆ. ಆಮೇಲೆ ಅವನ ಜೊತೆ ಮಾತಾಡಲಿಲ್ಲ.

ಲಾರಿ ಗುರುವಾರ ಬಂತು. ಪಾತ್ರೆ, ಚಾಪೆ, ಕೋಳಿ, ನಾಯಿ, ಜನ ಎಲ್ಲ ತುಂಬಿ ಹೊರಡುವಾಗ ಸಂಜೆ ನಾಲ್ಕು. ಶಾಲೆ ಬಿಡುವ ಹೊತ್ತು. ನಾನು ಕ್ಯಾಬಿನ್ ಹಿಂದೆ ಕಂಬಿ ಹಿಡಿದು ನಿಂತಿದ್ದೆ.

ರಸ್ತೆಯ ನಡುವೆ ಮುತ್ತ ಕೆಂಪು ಬಾವುಟ ಎತ್ತಿದ. ಲಾರಿ ನಿಂತಿತು. ಲೈನ್‌ಮನೆ ಮಕ್ಕಳನ್ನು ಮೇಷ್ಟ್ರೇ ಕೈಹಿಡಿದು ದಾಟಿಸಿದರು. ನನ್ನನ್ನು ನೋಡಿ ಕೆಲವು ಮಕ್ಕಳು ಅಳುತ್ತಾ ಹೋದವು. ರಸ್ತೆ ಖಾಲಿಯಾಯಿತು.

ಬಾವುಟ ಇಳಿಯಲಿಲ್ಲ.

ಡ್ರೈವರ್ ಹಾರನ್ ಹೊಡೆದ. ಹಿಂದೆ ಟಿಪ್ಪರ್‌ಗಳು ಸಾಲು ನಿಂತವು, ಅವೂ ಹಾರನ್ ಹೊಡೆದವು. ಮುತ್ತ ಕದಲಲಿಲ್ಲ. ಕಣ್ಣು ನನ್ನ ಮೇಲೇ ಇತ್ತು.

"ಮುತ್ತ, ಬಿಡಯ್ಯ, ಕೆಲಸ ಕಳ್ಕೊಳ್ತೀಯ," ಅಂತ ಮೇಷ್ಟ್ರು ಓಡಿಬಂದರು. ಅವನಿಗೆ ಕೇಳಿಸಲೇ ಇಲ್ಲ. ಹೇಡಿ ಅಂದಿದ್ದೆನಲ್ಲ, ಇದು ಅವನ ಉತ್ತರ. ಡ್ರೈವರ್ ಜ್ಯಾಕ್ ರಾಡ್ ಹಿಡಿದು ಕೆಳಗಿಳಿದ. ಇನ್ನಿಬ್ಬರು ಹಿಂದಿನಿಂದ ಬಂದರು. ಅಪ್ಪ ನನ್ನನ್ನು ನೋಡಿದ.

ಇಳಿದು ಓಡಿಹೋಗಿ ಅವನ ಪಕ್ಕ ನಿಂತುಬಿಡಬೇಕು ಅನ್ನಿಸಿತು. ತಂಗಿ ನನ್ನ ಸೆರಗು ಹಿಡಿದುಕೊಂಡಿದ್ದಳು. ಮುತ್ತನ ಕೈ ಇಳಿಯಲು ಯಾವ ಮಾತು ಬೇಕು ಅಂತ ನನಗೆ ಗೊತ್ತಿತ್ತು. ನನ್ನೊಬ್ಬಳಿಗೇ ಗೊತ್ತಿತ್ತು.

"ಅಣ್ಣಾ," ಅಂತ ಕೂಗಿದೆ. "ದಾರಿ ಬುಡಣ್ಣಾ. ಒತ್ತಾಯ್ತದೆ."

ಅವನ ಕೈ ತಾನಾಗಿಯೇ ಕೆಳಗೆ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈಯಲ್ಲಿ ಹಸಿರು ಎತ್ತಿದ. ಲಾರಿ ಅವನನ್ನು ಸವರಿಕೊಂಡಂತೆ ಹತ್ತಿರದಲ್ಲೇ ಹಾದುಹೋಯಿತು. ಅವನು ತಲೆ ಎತ್ತಲಿಲ್ಲ.