ಗಾಳಿ ಸುರಂಗದ ನಳಿಕೆ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಅಲ್ಮಾತಿ ನಗರದ ಪೊಲೀಸ್ ಠಾಣೆಗೆ ಪ್ರೊಫೆಸರ್ ಕೈರೊಲ್ಲಾ ದೂರು ತಂದರು. ವಿಶ್ವವಿದ್ಯಾಲಯದ ಗಾಳಿ ಸುರಂಗದ ಉಕ್ಕಿನ ನಳಿಕೆ ಕಳುವಾಗಿದೆ; ಕದ್ದವಳು ತಮ್ಮದೇ ಸಂಶೋಧನಾ ವಿದ್ಯಾರ್ಥಿನಿ ಮೆರುಯೆರ್ತ್. ಠಾಣೆಯ ಕುರ್ಚಿಯಲ್ಲಿ ಕೂತರೆ ಕೋಟು ಕೊಳೆಯಾದೀತೆಂದು ನಿಂತೇ ಸಹಿ ಹಾಕಿದರು. ಕ್ಯಾಪ್ಟನ್ ದೌರೆನ್ ಎಫ್‌ಐಆರ್ ದಾಖಲಿಸಿದ.

ಪಂಚರ ಎದುರು ಪ್ರಯೋಗಾಲಯದ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಬಿಚ್ಚಿದ ಬೋಲ್ಟುಗಳು ಬಟ್ಟೆಯ ಮೇಲೆ ಸಾಲಾಗಿದ್ದವು. ಗುಜರಿ ಕಳ್ಳನಿಗೆ ಇಷ್ಟು ಮಡಿ ಎಲ್ಲಿಂದ ಬರಬೇಕು! ಕೀಲಿ ಇದ್ದದ್ದು ಪ್ರೊಫೆಸರ್ ಮತ್ತು ಮೆರುಯೆರ್ತ್ ಬಳಿ ಮಾತ್ರ.

ಅತ್ತು ಕಣ್ಣು ಊದಿಸಿಕೊಂಡಿದ್ದ ಹುಡುಗಿಯನ್ನು ದೌರೆನ್ ವಿಚಾರಿಸಿದ.

“ಆ ನಳಿಕೆಯಿಂದ ಏನಾಗುತ್ತಮ್ಮಾ?”

“ಗಾಳಿ ಶಬ್ದಕ್ಕಿಂತ ಆರು ಪಟ್ಟು ವೇಗವಾಗಿ ನುಗ್ಗುತ್ತೆ ಸಾಹೇಬ್ರೇ. ಒಳಗೆ ಕನ್ನಡಿ ಥರ ನುಣುಪಿರಬೇಕು. ಸಣ್ಣ ಗೀರಿದ್ರೂ ಗಾಳಿ ಸುಳಿ ಸುಳಿಯಾಗಿ ಕೆಡುತ್ತೆ. ನಮ್ಮಲ್ಲಿ ಸುಳಿಯೇ ಇಲ್ಲ ಅಂತ ಬರೆದೇ ಮೇಷ್ಟ್ರಿಗೆ ಪದಕ ಬಂದಿದ್ದು.”

“ಅದು ಹೋದದ್ದರಿಂದ ಏನು ನಿಂತಿತು?”

“ನಾಳೆ ಜರ್ಮನಿಯ ವಿಜ್ಞಾನಿಗಳು ಬಂದು ಗಾಳಿ ಅಳೀತಿದ್ರು. ಅದು ಮುಗಿದಿದ್ರೆ ನನಗೆ ಡಾಕ್ಟರೇಟ್. ಈಗ ಜೈಲು.”

ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುವ ಕಳ್ಳರನ್ನು ದೌರೆನ್ ಕಂಡಿರಲಿಲ್ಲ. ಪ್ರೊಫೆಸರರ ಮನೆಗೇ ಶೋಧನಾ ಆದೇಶ ತಂದ. ಗ್ಯಾರೇಜಿನಲ್ಲಿ, ಕುದುರೆ ಮಾಂಸದ ಫ್ರೀಜರಿನ ಹಿಂದಿನಿಂದ, ಪೇದೆ ಸಬಿತ್ ಕಂಬಳಿ ಸುತ್ತಿದ ನಳಿಕೆಯನ್ನು ಎಳೆದ. ಅದರ ಒಳಮೈಗೆ ಸಿಡುಬು ಬಂದಂತಿತ್ತು.

“ಇದೇನ್ರೀ ಪ್ರೊಫೆಸರೇ?”

“ನಿಮಗೆಲ್ಲ ಅರ್ಥ ಆಗಲ್ಲ.”

“ಹಾಗಾದ್ರೆ ಜರ್ಮನಿಯವರನ್ನೇ ಕರೆದು ಕೇಳೋಣ.”

ಮಹಾನುಭಾವರ ಬಾಯಿ ತಾನಾಗಿ ತೆರೆಯಿತು. “ಉದ್ಘಾಟನೆ ದಿನ ನಮ್ಮಮ್ಮ ಶುಭವಾಗ್ಲಿ ಅಂತ ಶಾಶು ಪದ್ಧತಿ ಪ್ರಕಾರ ಮಿಠಾಯಿ, ನಾಣ್ಯ ಎರಚಿದ್ರು. ತೆರೆದ ನಳಿಕೆಯೊಳಗೆ ಒಂದು ನಾಣ್ಯ ಬಿತ್ತು. ಮಂತ್ರಿ ಮುಂದೆ ಬಗ್ಗಿ ತಡಕಾಡೋಕೆ ನಾಚಿಕೆ ಆಯ್ತು. ಹಾಗೇ ಗಾಳಿ ಬಿಟ್ಟೆ. ನಾಣ್ಯ ಬಡಿದು ಒಳಮೈಯೆಲ್ಲ ಗುಳಿ ಬಿತ್ತು, ಜರ್ಮನಿಯವರು ಅಳೆದ್ರೆ ಎಲ್ಲ ಬಯಲಾಗ್ತಿತ್ತು.”

ಸಬಿತ್ ಕಿಸಕ್ಕನೆ ನಕ್ಕ. “ನಾಣ್ಯ ಎರಚಿದ್ದು ನಿಮ್ಮಮ್ಮ. ಆಮೇಲೆ ಊರಿಗೆಲ್ಲ ಸುಳ್ಳು ಎರಚಿದ್ದು ಯಾರು?”

ಸಂಜೆ ಐದಕ್ಕೆ ಪ್ರೊಫೆಸರರ ಬಂಧನವಾಯಿತು. ಸುದ್ದಿ ಕೇಳಿ ಬಂದ ಮೆರುಯೆರ್ತ್ ಜೀಪಿನ ಬಳಿ ಅಡ್ಡ ನಿಂತಳು.

“ನನ್ನ ಅಳತೇಲಿ ಸುಳಿ ಕಂಡಾಗೆಲ್ಲ ‘ನಿನಗೆ ಅಳೆಯೋಕೇ ಬರಲ್ಲ, ಮನೆಗೆ ಹೋಗಿ ರೊಟ್ಟಿ ಸುಡು’ ಅಂತಿದ್ರಿ. ನಾನು ಸರಿಯಾಗೇ ಅಳೀತಿದ್ನಾ ಮೇಷ್ಟ್ರೇ?”

ಕೈರೊಲ್ಲಾ ಟೈ ಸರಿಮಾಡಿಕೊಂಡು ಜೀಪು ಹತ್ತಿದರು.

ದೌರೆನ್ ವರದಿಯಲ್ಲಿ ಹೀಗೆ ಬರೆದ: ಆರೋಪಿಗೆ ಹಣದಾಸೆ ಇಲ್ಲ, ದ್ವೇಷವೂ ಇಲ್ಲ. ನಾಲ್ಕು ಜನರ ಮುಂದೆ ಬಗ್ಗಲು ನಾಚಿದರು. ಹುಡುಗಿಯನ್ನು ಜೈಲಿಗೆ ತಳ್ಳಲು ನಾಚಲಿಲ್ಲ.